ಕಲ್ಪಿತ ಘಟನೆಗಳ ಪ್ರಾಮಾಣ್ಯ: ಕಣಭೌತವಿಜ್ಞಾನದಲ್ಲಿ ಮಾಂಟೆ ಕಾರ್ಲೊ ವಿಧಾನದ ಚರಿತ್ರೆ

‘ಘಟನೆ’ ಎಂಬ ಮಾತು ಚರಿತ್ರೆಯನ್ನು ಓದುವವರಿಗೂ ಬರೆಯುವವರಿಗೂ ನಿತ್ಯದ ಮಾತು. ನಡೆದುಹೋದುದು, ಒಂದೇ ಸಲ ನಡೆದುದು, ಅದೇ ರೂಪದಲ್ಲಿ ಮತ್ತೆ ನಡೆಯಲಾರದುದು ಎಂಬುದು ನಾವು ಅದಕ್ಕೆ ಕೊಡುವ ಅರ್ಥ. ಕಣಭೌತವಿಜ್ಞಾನಿಗಳೂ ಇದೇ ಮಾತನ್ನು ಬಳಸುತ್ತಾರೆ. ವೇಗೋತ್ಕರ್ಷಕ ಯಂತ್ರದಲ್ಲಿ ಎದುರುಬದುರಾಗಿ ಧಾವಿಸಿ ಬಂದ ಎರಡು ಕಣಗಳು ಒಂದಕ್ಕೊಂದು ಬಡಿದು, ಆ ಸಂಘಟ್ಟನೆಯಿಂದ ಹೊಸ ಕಣಗಳು ಹುಟ್ಟಿ, ಅವುಗಳಲ್ಲಿ ಅಲ್ಪಾಯುಗಳಾದವು ಕ್ಷಯಿಸಿ, ಉಳಿದವು ಸುತ್ತಣ ಶೋಧಕಯಂತ್ರದಲ್ಲಿ ತಮ್ಮ ಗುರುತನ್ನು ಬಿಟ್ಟುಹೋಗುವ ಇಡೀ ವ್ಯಾಪಾರವನ್ನು ಅವರು ಒಂದು ‘ಘಟನೆ’ ಎನ್ನುತ್ತಾರೆ. ಆದರೆ ಅವರ ಉಗ್ರಾಣದಲ್ಲಿ ಇನ್ನೊಂದು ಜಾತಿಯ ಘಟನೆಗಳೂ ಇವೆ. ಇವು ಎಲ್ಲಿಯೂ ನಡೆದವಲ್ಲ. ದಾಳವನ್ನುರುಳಿಸಿದಂತೆ ಸಂಖ್ಯೆಗಳನ್ನು ಉರುಳಿಸಿ ಗಣಕಯಂತ್ರದೊಳಗೆ ರಚಿಸಲ್ಪಟ್ಟವು. ಜಿನೀವಾದ ಸರ್ನ್ ಸಂಸ್ಥೆಯ ದೊಡ್ಡ ಪ್ರಯೋಗಗಳು ಇಂಥ ಕಲ್ಪಿತ ಘಟನೆಗಳನ್ನು ನೂರಾರು ಕೋಟಿಗಳ ಲೆಕ್ಕದಲ್ಲಿ ತಯಾರಿಸಿ ಇಟ್ಟುಕೊಂಡಿವೆ. ಅವುಗಳ ನೆರವಿಲ್ಲದೆ ನಿಜವಾದ ಘಟನೆಗಳನ್ನು ಓದುವುದು ಅವಕ್ಕೆ ಬಹುಮಟ್ಟಿಗೆ ಅಸಾಧ್ಯ.

ನಡೆಯದೆ ಇರುವುದು ನಡೆದುದಕ್ಕೆ ಸಾಕ್ಷಿಯಾಗಿ ನಿಲ್ಲುವ ಈ ಪದ್ಧತಿ ಹೇಗೆ ಬಂತು, ಅದಕ್ಕೆ ಎಷ್ಟರಮಟ್ಟಿನ ಪ್ರಾಮಾಣ್ಯ ಸಂದಿದೆ, ಅದು ಎಲ್ಲಿ ಮೋಸ ಹೋಗಿದೆ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಭೌತವಿಜ್ಞಾನದ ಪಾಠ ಹೇಳುವುದು ನಮ್ಮ ಕೆಲಸವಲ್ಲ. ಆದರೆ ಆಧಾರಗಳ ಪರಿಶೀಲನೆ ಚರಿತ್ರಕಾರನ ಸ್ವಂತ ಹೊಲ. ಅದರ ಬದುವಿನಾಚೆ ನೆರೆಯವರು ಏನು ಬೆಳೆಯುತ್ತಿದ್ದಾರೆಂಬುದನ್ನು ಆಗಾಗ ನೋಡುವುದು ಒಳಿತು.

ಮೊದಲು ಇದರ ಅಗತ್ಯವೇನೆಂಬುದನ್ನು ತಿಳಿಯಬೇಕು. ಪರಮಾಣುವಿನೊಳಗಿನ ಜಗತ್ತಿನಲ್ಲಿ ಇಂಥ ಕಾರಣಕ್ಕೆ ಇಂಥದೇ ಕಾರ್ಯ ಎಂಬ ನಿಯಮವಿಲ್ಲ. ಸಂಭವನೀಯತೆಗಳು ಮಾತ್ರ ಇವೆ. ಸರ್ನ್ ಸಂಸ್ಥೆಯಲ್ಲಿ ೧೯೮೯ರಿಂದ ವಿಪುಲವಾಗಿ ಉತ್ಪಾದಿಸಿದ ‘ಜಡ್’ ಎಂಬ ಕಣವನ್ನು ತೆಗೆದುಕೊಳ್ಳೋಣ. ಅದು ಹುಟ್ಟಿದೊಡನೆ ಕ್ಷಯಿಸುತ್ತದೆ. ನೂರಕ್ಕೆ ಸುಮಾರು ೭೦ ಸಲ ಕ್ವಾರ್ಕುಗಳಾಗಿ ಒಡೆಯುತ್ತದೆ. ಸುಮಾರು ೧೦ ಸಲ ಎಲೆಕ್ಟ್ರಾನು, ಮ್ಯೂಆನು, ಟೌ ಎಂಬ ವಿದ್ಯುದಾವಿಷ್ಟ ಕಣಗಳ ಜೋಡಿಯಾಗುತ್ತದೆ. ಉಳಿದ ೨೦ ಸಲ, ಯಾವ ಶೋಧಕಕ್ಕೂ ಸಿಗದೆ ಪಾರಾಗುವ ನ್ಯೂಟ್ರಿನೊಗಳಾಗುತ್ತದೆ. ನಮ್ಮ ಮುಂದಿರುವ ಈ ಒಂದು ಜಡ್ ಕಣ ಏನಾಗುವುದೆಂದು ಯಾರೂ ಹೇಳಲಾರರು. ಹಾಗಾದರೆ ಅದನ್ನು ಅನುಕರಿಸುವುದು ಹೇಗೆ? ಸೊನ್ನೆಯಿಂದ ನೂರರೊಳಗೆ ಒಂದು ಸಂಖ್ಯೆಯನ್ನು ಕಣ್ಣುಮುಚ್ಚಿ ಎತ್ತಬೇಕು. ಅದು ೭೦ಕ್ಕಿಂತ ಕಡಿಮೆಯಾದರೆ ಕ್ವಾರ್ಕು. ೭೦ರಿಂದ ೮೦ರೊಳಗಾದರೆ ವಿದ್ಯುದಾವಿಷ್ಟ ಜೋಡಿ. ಅದಕ್ಕೂ ಮೇಲಾದರೆ ನ್ಯೂಟ್ರಿನೊ. ಆಮೇಲೆ ಹುಟ್ಟಿದ ಕಣದ ದಿಕ್ಕಿಗೊಂದು ಸಂಖ್ಯೆ, ಅದರ ಆಯುಸ್ಸಿಗೊಂದು, ಶೋಧಕದ ಗೋಡೆಯಲ್ಲಿ ಎಷ್ಟು ದೂರ ಹೋಗಿ ಏನನ್ನು ತಾಕುವುದೆಂಬುದಕ್ಕೊಂದು, ಹೀಗೆ ಎತ್ತುತ್ತ ಹೋದರೆ ಒಂದು ಘಟನೆ ಸಂಪೂರ್ಣವಾಗುತ್ತದೆ. ತತ್ತ್ವ ಇಷ್ಟೇ, ಉಳಿದುದೆಲ್ಲ ಅದರ ವಿಸ್ತಾರ. ದೊಡ್ಡ ಪ್ರಯೋಗದಲ್ಲಿ ಒಂದೊಂದು ಘಟನೆಯನ್ನು ಹೀಗೆ ಕೊನೆಮುಟ್ಟಿಸಲು ಇಂದಿನ ವೇಗದ ಗಣಕಯಂತ್ರಕ್ಕೂ ಎಷ್ಟೋ ವೇಳೆ ಹಲವು ನಿಮಿಷಗಳು ಬೇಕಾಗುತ್ತವೆ.

ಜೂಜಿನಿಂದ ಗಣಿತವನ್ನು ಸಾಧಿಸುವ ಯೋಚನೆ ಹಳೆಯದು. ಫ್ರಾನ್ಸಿನ ಬುಫಾನ್ ೧೭೭೭ರಲ್ಲಿ ಪ್ರಕಟಿಸಿದ ಸೂಜಿಯ ಲೆಕ್ಕ ಪ್ರಸಿದ್ಧವಾದುದು: ಸಮಾನಾಂತರ ಗೆರೆಗಳನ್ನೆಳೆದ ನೆಲದಮೇಲೆ ಸೂಜಿಯನ್ನು ಮತ್ತೆ ಮತ್ತೆ ಚೆಲ್ಲಿ, ಅದು ಗೆರೆಯನ್ನು ಎಷ್ಟು ಸಲ ದಾಟಿ ಬಿತ್ತೆಂದು ಎಣಿಸಿದರೆ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣ ದೊರೆಯುತ್ತದೆ. ೧೯೦೧ರಲ್ಲಿ ಇಟಲಿಯ ಲಾಜರೀನಿ ಎಂಬಾತ ೩,೪೦೮ ಸಲ ಸೂಜಿ ಚೆಲ್ಲಿ ಆ ಪ್ರಮಾಣವನ್ನು ದಶಮಾಂಶದ ಆರು ಸ್ಥಾನಗಳವರೆಗೆ ಸರಿಯಾಗಿ ಪಡೆದೆನೆಂದು ಪ್ರಕಟಿಸಿದ. ಅಷ್ಟು ಕಡಿಮೆ ಎಸೆತಗಳಿಂದ ಅಷ್ಟು ಸೂಕ್ಷ್ಮವಾದ ಉತ್ತರ ಬರುವುದು ನಂಬತಕ್ಕ ಮಾತಲ್ಲವೆಂದೂ, ಬೇಕಾದ ಉತ್ತರ ಬಂದೊಡನೆ ಎಸೆಯುವುದನ್ನು ನಿಲ್ಲಿಸಿರಬೇಕೆಂದೂ ಮುಂದಿನ ವಿದ್ವಾಂಸರು ಶಂಕಿಸಿದ್ದಾರೆ. ಈ ವಿಧಾನದ ಅತಿ ದೊಡ್ಡ ಅಪಾಯ ಅದರ ಬಾಲ್ಯದಲ್ಲೇ ಹೀಗೆ ಕಾಣಿಸಿಕೊಂಡಿತೆಂಬುದು ಗಮನಾರ್ಹ.

ಆಧುನಿಕ ವಿಧಾನ ಹುಟ್ಟಿದುದು ೧೯೪೬ರಲ್ಲಿ, ಅಮೆರಿಕದ ಲಾಸ್ ಅಲಮೋಸ್ ಪರಮಾಣು ಶಸ್ತ್ರಾಗಾರದ ವಲಯದಲ್ಲಿ. ಪೋಲೆಂಡಿನಿಂದ ವಲಸೆ ಬಂದಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಂ ಮೆದುಳಿನ ಉರಿಯೂತದಿಂದ ಬಳಲಿ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಒಬ್ಬನೇ ಕುಳಿತು ಇಸ್ಪೀಟಾಡುತ್ತಿದ್ದ. ಒಂದು ಆಟ ಗೆಲ್ಲುವ ಸಂಭವ ಎಷ್ಟೆಂಬುದನ್ನು ಗಣಿತದಿಂದ ಬಿಡಿಸಹೊರಟು ಅದು ಬಲು ತೊಡಕೆಂದು ಕಂಡಾಗ, ನೂರು ಸಲ ಆಡಿ ಗೆದ್ದ ಆಟಗಳನ್ನು ಎಣಿಸಿದರೆ ಸಾಲದೇ ಎಂದು ಅವನಿಗೆ ಹೊಳೆಯಿತು. ಸಿಡಿಗುಂಡಿನೊಳಗೆ ನ್ಯೂಟ್ರಾನುಗಳು ಹರಡುವ ಲೆಕ್ಕಕ್ಕೂ ಇದೇ ಉಪಾಯವನ್ನು ಹೂಡಬಹುದೆಂಬುದು ಮುಂದಿನ ಹೆಜ್ಜೆ. ಅವನು ಇದನ್ನು ಜಾನ್ ಫಾನ್ ನಾಯ್ಮನ್‌ಗೆ ತಿಳಿಸಿದ. ಫಾನ್ ನಾಯ್ಮನ್ ೧೯೪೭ರ ಮಾರ್ಚ್ ೧೧ರಂದು ಲಾಸ್ ಅಲಮೋಸ್‌ನ ತಾತ್ತ್ವಿಕ ವಿಭಾಗದ ರಾಬರ್ಟ್ ರಿಕ್ಟ್‌ಮೈಯರ್‌ಗೆ ಬರೆದ ಪತ್ರ ಈ ಚರಿತ್ರೆಯ ಮೂಲಶಾಸನವೆನ್ನಬಹುದು. ೧೦೦ ನ್ಯೂಟ್ರಾನುಗಳನ್ನು, ಒಂದೊಂದನ್ನೂ ೧೦೦ ಸಂಘಟ್ಟನೆಗಳವರೆಗೆ ಬೆನ್ನಟ್ಟಿ ಹೋದರೆ ಎನಿಯಾಕ್ ಯಂತ್ರಕ್ಕೆ ಸುಮಾರು ೫ ಗಂಟೆಗಳ ಕೆಲಸವಾದೀತೆಂದು ಅದರಲ್ಲಿ ಅಂದಾಜು ಮಾಡಲಾಗಿದೆ. ‘ಮಾಂಟೆ ಕಾರ್ಲೊ’ ಎಂಬ ಹೆಸರನ್ನು ಸೂಚಿಸಿದವನು ನಿಕೊಲಾಸ್ ಮೆಟ್ರೊಪೊಲಿಸ್. ಬಂಧುಗಳಲ್ಲಿ ಸಾಲ ಎತ್ತಿಯಾದರೂ ಆ ಜೂಜಿನೂರಿಗೆ ಹೋಗಬೇಕೆನ್ನುತ್ತಿದ್ದ ಉಲಾಂನ ಚಿಕ್ಕಪ್ಪನೊಬ್ಬನ ನೆನಪು ಅದಕ್ಕೆ ಕಾರಣವಂತೆ. ಹೆಸರು ೧೯೪೯ರಲ್ಲಿ ಮೆಟ್ರೊಪೊಲಿಸ್ ಮತ್ತು ಉಲಾಂ ಬರೆದ ಪ್ರಬಂಧದ ಶೀರ್ಷಿಕೆಯಾಗಿ ಲೋಕಕ್ಕೆ ತಿಳಿಯಿತು.

ಇಲ್ಲಿ ಎರಡು ಮಾತುಗಳನ್ನು ಮರೆಯಲಾಗದು. ೧೯೪೮ರ ವಸಂತದಲ್ಲಿ ಮೇರಿಲ್ಯಾಂಡಿನ ಅಬರ್ಡೀನ್‌ನಲ್ಲಿದ್ದ, ಸುಮಾರು ೧೮,೦೦೦ ನಿರ್ವಾತನಳಿಕೆಗಳ ಎನಿಯಾಕ್ ಯಂತ್ರದಮೇಲೆ ಈ ಲೆಕ್ಕಗಳು ಮೊದಲು ನಡೆದಾಗ ಅವುಗಳ ಕ್ರಮವಿಧಿಯನ್ನು ರಚಿಸುವುದರಲ್ಲಿಯೂ ಯಂತ್ರದಲ್ಲಿ ನಡೆಸುವುದರಲ್ಲಿಯೂ ಮುಖ್ಯ ಪಾತ್ರ ವಹಿಸಿದವಳು ಕ್ಲಾರಾ ಫಾನ್ ನಾಯ್ಮನ್. ಆಕೆಯ ಕೆಲಸ ಬಹುಕಾಲ ಪತಿಯ ಹೆಸರಿನ ನೆರಳಿನಲ್ಲಿ ಉಳಿದು, ಈಚಿನ ಚರಿತ್ರಕಾರರ ಪರಿಶ್ರಮದಿಂದ ಬೆಳಕಿಗೆ ಬಂದಿದೆ. ಎರಡನೆಯದು, ಈ ವಿಧಾನ ಶುದ್ಧ ಜಿಜ್ಞಾಸೆಯ ಕೂಸಲ್ಲ, ಬಾಂಬಿನ ಕೂಸು. ಹೊರಗೆ ಪ್ರಯೋಗ ಮಾಡಿ ನೋಡಲಾಗದ ವಸ್ತುವಿನಮೇಲೆ ಒಳಗೆ, ಸಂಖ್ಯೆಗಳಲ್ಲಿ, ಪ್ರಯೋಗ ಮಾಡಬೇಕಾಗಿ ಬಂದುದೇ ಅದರ ಮೂಲ ಪ್ರೇರಣೆ. ವಿಜ್ಞಾನದ ಚರಿತ್ರಕಾರ ಪೀಟರ್ ಗ್ಯಾಲಿಸನ್ ತನ್ನ ೧೯೯೭ರ ಗ್ರಂಥದಲ್ಲಿ ಈ ಅಂಶವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಎನ್ರಿಕೊ ಫರ್ಮಿ ರೋಮಿನಲ್ಲಿದ್ದ ೧೯೩೦ರ ದಶಕದಲ್ಲೇ ನ್ಯೂಟ್ರಾನುಗಳ ವಿಷಯದಲ್ಲಿ ಇಂಥ ಲೆಕ್ಕವನ್ನು ಕೈಯಿಂದ ಮಾಡುತ್ತಿದ್ದನೆಂದು ಅವನ ಸಂಗಡಿಗ ಸೆಗ್ರೆ ಹೇಳಿದ್ದುಂಟು. ಆದರೆ ಫರ್ಮಿ ಅದನ್ನು ಪ್ರಕಟಿಸಲಿಲ್ಲವಾಗಿ ಪರಂಪರೆ ಅಲ್ಲಿಂದ ಹರಿಯಲಿಲ್ಲ.

ಬಾಂಬಿನ ಮನೆಯಿಂದ ಕಣಭೌತವಿಜ್ಞಾನದ ಮನೆಗೆ ಈ ವಿಧಾನ ಕಾಲಿಟ್ಟ ಬಗೆ ನಮ್ಮ ನಾಡಿಗೂ ಸಂಬಂಧಪಟ್ಟುದು. ವಿಶ್ವಕಿರಣಗಳಲ್ಲಿ ಬರುವ ಒಂದು ವೇಗಶಾಲಿ ಎಲೆಕ್ಟ್ರಾನು ಸೀಸದಂಥ ಭಾರಲೋಹವನ್ನು ಹೊಕ್ಕರೆ ಬೆಳಕಿನ ಕಣವಾದ ಫೋಟಾನನ್ನು ಹೊರಸೂಸುತ್ತದೆ. ಆ ಫೋಟಾನು ಒಂದು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ. ಅವು ಮತ್ತೆ ಫೋಟಾನುಗಳನ್ನು ಸೂಸುತ್ತವೆ. ಹೀಗೆ ಒಂದು ಹತ್ತಾಗಿ ಹತ್ತು ನೂರಾಗಿ ಕಣಗಳ ಮಳೆಯೇ ಸುರಿಯುತ್ತದೆ. ಇದರ ಸಿದ್ಧಾಂತವನ್ನು ೧೯೩೭ರಲ್ಲಿ ಹೋಮಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್ ಮಂಡಿಸಿದರು. ಅದೇ ವರ್ಷ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಸ್ವತಂತ್ರವಾಗಿ ಅದನ್ನೇ ಹೇಳಿದರು. ರಜೆಗೆಂದು ಭಾರತಕ್ಕೆ ಬಂದಿದ್ದ ಭಾಭಾ ೧೯೩೯ರಲ್ಲಿ ಯುದ್ಧ ಸಿಡಿದುದರಿಂದ ಇಂಗ್ಲೆಂಡಿಗೆ ಮರಳದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ೧೯೪೫ರವರೆಗೆ ಅಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ. ಎಸ್. ಕೆ. ಚಕ್ರವರ್ತಿಯೊಡನೆ ಸೇರಿ ೧೯೪೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಣವೃಷ್ಟಿಯ ಸಿದ್ಧಾಂತವನ್ನು, ಕಣಗಳು ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿದು ಅವನು ಮುಂದುವರಿಸಿದ. ಗಣಿತದ ದೃಷ್ಟಿಯಿಂದ ಅದು ಘನವಾದ ಕೃತಿ. ಆದರೆ ಅಂಥ ಸಮೀಕರಣಗಳು ಸುಲಭವಾಗಿ ಕೊಡುವುದು ಸರಾಸರಿಯನ್ನು. ಒಂದೊಂದು ಮಳೆಯೂ ಸರಾಸರಿಯಿಂದ ಎಷ್ಟು ದೂರ ಸರಿದೀತೆಂಬ ಏರಿಳಿತದ ಪ್ರಶ್ನೆ ಬಲು ಕಠಿನವಾಗಿ ಉಳಿಯಿತು. ೧೯೫೦ರಲ್ಲಿ ಭಾಭಾ ಮತ್ತು ಅಲ್ಲಾಡಿ ರಾಮಕೃಷ್ಣನ್ ಪ್ರತ್ಯೇಕವಾಗಿ ಅದಕ್ಕೆ ಹೊಸ ಗಣಿತವನ್ನೇ ಕಟ್ಟಬೇಕಾಯಿತು.

ಇದೇ ಪ್ರಶ್ನೆಗೆ ೧೯೫೨ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ವಿಲ್ಸನ್ ಬೇರೊಂದು ಬಗೆಯ ಉತ್ತರವನ್ನು ಕೊಟ್ಟ. ಅವನು ಸಮೀಕರಣವನ್ನು ಬಿಡಿಸಲಿಲ್ಲ. ಒಂದು ಉರುಳೆಯನ್ನು ಮಾಡಿಸಿದ. ಸೀಸದ ದಪ್ಪವನ್ನು ಸುಮಾರು ಒಂದೊಂದು ಮಿಲಿಮೀಟರಿನ ಪದರಗಳಾಗಿ ಮನಸ್ಸಿನಲ್ಲೇ ಸೀಳಿ, ಪ್ರತಿಯೊಂದು ಪದರದಲ್ಲಿಯೂ ಕಣಕ್ಕೆ ಏನಾಗಬಹುದೆಂಬುದರ ಸಂಭವನೀಯತೆಗಳನ್ನು ಉರುಳೆಯಮೇಲೆ ರೇಖೆಗಳಾಗಿ ಬರೆದು, ಉರುಳೆಯನ್ನು ತಿರುಗಿಸಿ, ಅದು ನಿಂತಲ್ಲಿ ಕಣದ ಗತಿಯನ್ನು ಓದಿಕೊಳ್ಳುತ್ತ ಹೋದ. ಮುಂದಿನ ಪದರಕ್ಕೆ ಮತ್ತೆ ಒಂದು ಸುತ್ತು. ಹೀಗೆ ಕಣದ ಹಿಂದೆ ಕಣವನ್ನು, ಮಳೆಯ ಹಿಂದೆ ಮಳೆಯನ್ನು ಕೈಯಾರೆ ಸುರಿಸಿದ. ಪಗಡೆಯಾಟದಲ್ಲಿ ಕಾಯಿ ನಡೆಸುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದರೂ ಅತಿ ಹೆಚ್ಚಿನ ಶಕ್ತಿಗಳಿಗೆ ಮಾತ್ರ ಒಪ್ಪುವಂತೆ ಸರಳಗೊಳಿಸಿದ್ದ ಸಿದ್ಧಾಂತಗಳು ಮುಟ್ಟಲಾರದ ಕಡೆ ಈ ಆಟ ಮುಟ್ಟಿತು. ಸರಾಸರಿಯೂ ಏರಿಳಿತವೂ ಒಟ್ಟಿಗೇ ದೊರೆತವು. ಬೆಂಗಳೂರಿನಲ್ಲಿ ಲೇಖನಿಯಿಂದ ನಡೆದ ಕೆಲಸ ಕೀಳೆಂದು ಇದರಿಂದ ತಿಳಿಯಬಾರದು. ಉರುಳೆಯಮೇಲೆ ಬರೆದ ರೇಖೆಗಳ ಹಿಂದೆ ಇದ್ದುದು ಹೈಟ್ಲರ್ ಮೊದಲಾದವರು ಕೊಟ್ಟ ಸೂತ್ರಗಳೇ. ಅನುಕರಣೆ ಸಿದ್ಧಾಂತವನ್ನು ಕೆಳಗಿಳಿಸಲಿಲ್ಲ, ಅದನ್ನು ತುಂಡುತುಂಡಾಗಿ ದುಡಿಸಿಕೊಂಡಿತು. ಇದೇ ವಿಲ್ಸನ್ ಮುಂದೆ ೧೯೬೭ರಲ್ಲಿ ಫರ್ಮಿ ಪ್ರಯೋಗಾಲಯದ ಮೊದಲ ನಿರ್ದೇಶಕನಾದ.

ಉರುಳೆಯ ಸ್ಥಾನಕ್ಕೆ ಗಣಕಯಂತ್ರ ಬಂದಾಗ ವಿಚಿತ್ರವಾದೊಂದು ತೊಡಕು ಎದುರಾಯಿತು. ಆಜ್ಞೆಯನ್ನು ಚಾಚೂ ತಪ್ಪದೆ ನಡೆಸುವ ಯಂತ್ರದಿಂದ ಯಾದೃಚ್ಛಿಕ ಸಂಖ್ಯೆಯನ್ನು ಪಡೆಯುವುದೆಂತು? ಫಾನ್ ನಾಯ್ಮನ್‌ನ ಉಪಾಯ ಸರಳವಾಗಿತ್ತು: ಒಂದು ಸಂಖ್ಯೆಯ ವರ್ಗವನ್ನು ಮಾಡಿ ನಡುವಿನ ಅಂಕೆಗಳನ್ನು ಎತ್ತಿಕೊಳ್ಳುವುದು. ೧೨೩೪ರ ವರ್ಗ ೦೧೫೨೨೭೫೬. ನಡುವಿನ ನಾಲ್ಕು ಅಂಕೆಗಳು ೫೨೨೭. ಮತ್ತೆ ಅದರ ವರ್ಗ, ಹೀಗೆ. ಈ ಸಾಲು ಕೆಲವೊಮ್ಮೆ ಬೇಗನೆ ಸೊನ್ನೆಗೆ ಇಳಿಯುವುದು, ಇಲ್ಲವೇ ಸುತ್ತಿ ಸುತ್ತಿ ಮೊದಲಿಗೇ ಬರುವುದು ಅದರ ದೋಷ. ೧೯೪೯ರಲ್ಲಿ ಲೆಹ್ಮರ್ ಸೂಚಿಸಿದ ಗುಣಾಕಾರದ ಕ್ರಮ ಮೇಲಾಗಿ ಕಂಡು ಎಲ್ಲೆಡೆ ಹರಡಿತು. ೧೯೬೮ರಲ್ಲಿ ಮಾರ್ಸಾಲಿಯ ಎಂಬ ಗಣಿತಜ್ಞ, ಆ ಕ್ರಮದಿಂದ ಬಂದ ಸಂಖ್ಯೆಗಳನ್ನು ಮೂರುಮೂರಾಗಿ ಹಿಡಿದು ಆಕಾಶದಲ್ಲಿ ಗುರುತಿಸಿದರೆ ಅವೆಲ್ಲ ಕೆಲವೇ ಸಮತಲಗಳಮೇಲೆ ಸಾಲಾಗಿ ಕೂರುತ್ತವೆಯೆಂದು ತೋರಿಸಿಕೊಟ್ಟ. ಆ ವೇಳೆಗೆ ನಡೆದುಹೋಗಿದ್ದ ಎಷ್ಟು ಲೆಕ್ಕಗಳು ಈ ಸಮತಲಗಳಿಗೆ ಬಲಿಯಾಗಿರಬಹುದೆಂಬ ಚಿಂತೆ ಆಗ ಹುಟ್ಟಿತು. ೧೯೯೪ರಲ್ಲಿ ಲೂಶರ್ ರೂಪಿಸಿದ, ಜೇಮ್ಸ್ ಕ್ರಮವಿಧಿಯಾಗಿ ಬರೆದ ‘ರಾನ್‌ಲಕ್ಸ್’ ಈ ದಾರಿಯ ಒಂದು ಗಟ್ಟಿ ನೆಲೆ. ಯಂತ್ರದ ದಾಳಕ್ಕೆ ಒಂದು ಅನುಕೂಲವೂ ಉಂಟು. ಆರಂಭದ ಬೀಜಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅದೇ ‘ಆಕಸ್ಮಿಕ’ವನ್ನು ಅಕ್ಷರಶಃ ಮತ್ತೆ ನಡೆಸಬಹುದು.

೧೯೬೦ರ ದಶಕದಲ್ಲಿ ಸರ್ನ್ ಸಂಸ್ಥೆಯಲ್ಲಿ ಫ್ರೆಡರಿಕ್ ಜೇಮ್ಸ್ ಮುಂತಾದವರು ಸಂಘಟ್ಟನೆಯಿಂದ ಹುಟ್ಟಿದ ಕಣಗಳಿಗೆ ಶಕ್ತಿಯನ್ನು ಯಾದೃಚ್ಛಿಕವಾಗಿ ಹಂಚುವ ಕ್ರಮವಿಧಿಗಳನ್ನು ಬಳಕೆಗೆ ತಂದರು. ಕಣವೃಷ್ಟಿಯ ಕೆಲಸವನ್ನು ಜರ್ಮನಿಯ ಬಾನ್‌ನಲ್ಲಿ ನಾಗೆಲ್ ಯಂತ್ರಕ್ಕಿಳಿಸಿದ. ಸ್ಟ್ಯಾನ್‌ಫರ್ಡಿನಲ್ಲಿ ಫೋರ್ಡ್ ಮತ್ತು ನೆಲ್ಸನ್ ೧೯೭೮ರಲ್ಲಿ ಅದನ್ನು ‘ಈಜಿಎಸ್’ ಎಂಬ ಹೆಸರಿನಲ್ಲಿ ವಿಸ್ತರಿಸಿ ಪ್ರಕಟಿಸಿದರು. ಇವುಗಳ ವಿವರ ಇಲ್ಲಿ ಬೇಡ.

ದೊಡ್ಡ ತಿರುವು ಬಂದುದು ಕ್ವಾರ್ಕುಗಳ ವಿಷಯದಲ್ಲಿ. ಕ್ವಾರ್ಕು ಒಂಟಿಯಾಗಿ ಎಂದೂ ಕಾಣಸಿಗದು; ಸಂಘಟ್ಟನೆಯಲ್ಲಿ ಸಿಡಿದ ಕ್ವಾರ್ಕು ಶೋಧಕವನ್ನು ಮುಟ್ಟುವ ಮೊದಲೇ ಸಾಮಾನ್ಯ ಕಣಗಳ ಒಂದು ಚಿಲುಮೆಯಾಗಿ ಮಾರ್ಪಡುತ್ತದೆ. ಈ ಮಾರ್ಪಾಟನ್ನು ಮೂಲಸೂತ್ರಗಳಿಂದ ಲೆಕ್ಕಹಾಕಲು ಯಾರಿಂದಲೂ ಆಗದು. ಆದುದರಿಂದ ಇಲ್ಲಿ ಮಾದರಿಗಳನ್ನು ಕಟ್ಟಬೇಕಾಯಿತು. ೧೯೭೮ರಲ್ಲಿ ಫೀಲ್ಡ್ ಮತ್ತು ಫೈನ್‌ಮನ್ ಪ್ರತಿ ಕ್ವಾರ್ಕೂ ತನ್ನ ಪಾಡಿಗೆ ತಾನು ಒಡೆಯುವುದೆಂದು ಭಾವಿಸಿ ಒಂದು ಮಾದರಿಯನ್ನು ಕೊಟ್ಟರು. ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಬೋ ಆಂಡರ್ಸನ್, ಗುಸ್ತಾಫ್‌ಸನ್ ಮತ್ತು ಅವರ ಶಿಷ್ಯರು ಬೇರೆಯ ಚಿತ್ರವನ್ನು ಕಲ್ಪಿಸಿದರು: ಅಗಲುತ್ತಿರುವ ಕ್ವಾರ್ಕುಗಳ ನಡುವೆ ಬಲದ ತಂತಿಯೊಂದು ಬಿಗಿದಿದೆ, ಎಳೆದಂತೆಲ್ಲ ಅದರಲ್ಲಿ ಶಕ್ತಿ ತುಂಬಿ, ತುಂಡಾಗಿ, ಪ್ರತಿ ತುಂಡಿನ ತುದಿಯಲ್ಲಿಯೂ ಹೊಸ ಕ್ವಾರ್ಕು ಹುಟ್ಟುತ್ತದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಪೆಟ್ರಾ ಯಂತ್ರದ ‘ಜೇಡ್’ ಪ್ರಯೋಗತಂಡ ೧೯೮೦ರ ಸುಮಾರಿಗೆ ಮೂರು ಚಿಲುಮೆಗಳ ಘಟನೆಗಳನ್ನು ಪರೀಕ್ಷಿಸಿ, ಕ್ವಾರ್ಕು ಮತ್ತು ಪ್ರತಿಕ್ವಾರ್ಕುಗಳ ಚಿಲುಮೆಗಳ ನಡುವಣ ಎಡೆಯಲ್ಲಿ ಕಣಗಳು ಕಡಿಮೆಯಾಗಿರುವುದನ್ನು ಕಂಡಿತು. ಲುಂಡ್ ಮಾದರಿ ಹೇಳಿದ್ದುದು ಅದನ್ನೇ. ಈ ಮಾದರಿಯನ್ನು ತೋರ್ಬ್ಯೋರ್ನ್ ಶೋಸ್ಟ್ರಾಂಡ್ ಕ್ರಮವಿಧಿಯಾಗಿ ಬೆಳೆಸಿದ. ಅದರ ಒಂದು ಭಾಗಕ್ಕೆ ೧೯೮೦ರ ದಶಕದ ಮೊದಲಲ್ಲಿ ಬಂದ ಹೆಸರು ‘ಪಿಥಿಯಾ’. ಗ್ರೀಸಿನ ಡೆಲ್ಫಿ ದೇವಾಲಯದಲ್ಲಿ ಕಣಿ ಹೇಳುತ್ತಿದ್ದ ಪೂಜಾರಿಣಿಯ ಹೆಸರು ಅದು. ನದಿಯನ್ನು ದಾಟಿದರೆ ದೊಡ್ಡ ಸಾಮ್ರಾಜ್ಯವೊಂದು ನಾಶವಾಗುವುದೆಂಬ ಕಣಿಯನ್ನು ನಂಬಿ ಯುದ್ಧಕ್ಕೆ ಹೋದ ಕ್ರೀಸಸ್ ದೊರೆ ತನ್ನ ಸಾಮ್ರಾಜ್ಯವನ್ನೇ ಕಳೆದುಕೊಂಡ ಕಥೆಯನ್ನು ಹೆರೊಡೋಟಸ್ ಓದಿದವರೆಲ್ಲರೂ ಬಲ್ಲರು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಪೇಜ್ ಮತ್ತು ಪ್ರೋಟೊಪೊಪೆಸ್ಕು ‘ಐಸಾಜೆಟ್’ ಅನ್ನೂ, ಬ್ರಿಟನ್ ಮತ್ತು ಇಟಲಿಯಲ್ಲಿ ವೆಬರ್ ಮತ್ತು ಮಾರ್ಕೆಸೀನಿ ‘ಹರ್ವಿಗ್’ ಅನ್ನೂ ಇದೇ ದಶಕದ ಆಸುಪಾಸಿನಲ್ಲಿ ಬೆಳೆಸಿದರು.

ಇವು ಸಂಘಟ್ಟನೆಯನ್ನು ಅನುಕರಿಸುವಂಥವು. ಹುಟ್ಟಿದ ಕಣಗಳು ಶೋಧಕದ ಕಬ್ಬಿಣ, ಸೀಸ, ಅನಿಲ, ತಂತಿಗಳನ್ನು ಹಾದುಹೋಗುವ ಪರಿಯನ್ನು ಅನುಕರಿಸಲು ಸರ್ನ್ ಸಂಸ್ಥೆಯಲ್ಲಿ ೧೯೭೪ರಿಂದ ‘ಜಿಯಾಂಟ್’ ಎಂಬ ಬೇರೊಂದು ತಂತ್ರಾಂಶ ಬೆಳೆಯಿತು. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ದೈತ್ಯನೆಂದು ಅರ್ಥ. ಫೋರ್ಟ್ರಾನ್ ಭಾಷೆಯಲ್ಲಿದ್ದ ಇದನ್ನು ೧೯೯೪ರಿಂದ ಹೊಸದಾಗಿ ಬರೆಯಲಾರಂಭಿಸಿ ನಾಲ್ಕನೆಯ ಅವತಾರವನ್ನು ೧೯೯೮ರ ಡಿಸೆಂಬರಿನಲ್ಲಿ ಹೊರಡಿಸಿದರು. ಇಂದು ಅದು ಕ್ಯಾನ್ಸರ್ ಚಿಕಿತ್ಸೆಯ ಲೆಕ್ಕಗಳಲ್ಲಿಯೂ ಆಕಾಶನೌಕೆಗಳ ರಕ್ಷಣೆಯ ಲೆಕ್ಕಗಳಲ್ಲಿಯೂ ಬಳಕೆಯಲ್ಲಿದೆ.

ಇನ್ನು ಪ್ರಾಮಾಣ್ಯದ ಪ್ರಶ್ನೆಗೆ ಬರೋಣ. ೧೯೮೩ರಲ್ಲಿ ಡಬ್ಲ್ಯೂ ಮತ್ತು ಜಡ್ ಕಣಗಳನ್ನು ಕಂಡುಹಿಡಿದ ಸರ್ನ್ ಸಂಸ್ಥೆಯಲ್ಲಿ, ಕಾರ್ಲೊ ರುಬ್ಬಿಯಾ ನಾಯಕನಾಗಿದ್ದ ಯುಎ೧ ತಂಡ ೧೯೮೪ರಲ್ಲಿ ಇನ್ನೆರಡು ಸುದ್ದಿಗಳನ್ನು ಕೊಟ್ಟಿತು. ಒಂದು, ಬಹುಕಾಲದಿಂದ ಹುಡುಕುತ್ತಿದ್ದ ‘ಟಾಪ್’ ಕ್ವಾರ್ಕು ೩೦ರಿಂದ ೫೦ ಜಿಇವಿ ದ್ರವ್ಯರಾಶಿಯ ವ್ಯಾಪ್ತಿಯಲ್ಲಿ ಕಂಡಂತಿದೆಯೆಂಬುದು. ಇನ್ನೊಂದು, ಒಂದೇ ಒಂದು ಚಿಲುಮೆ ಒಂದು ಪಕ್ಕಕ್ಕೆ ಚಿಮ್ಮಿ ಎದುರುಪಕ್ಕದಲ್ಲಿ ಏನೂ ಕಾಣದಿರುವ ವಿಚಿತ್ರ ಘಟನೆಗಳು ಸಿಕ್ಕಿವೆಯೆಂಬುದು. ಎರಡನೆಯದು ಹೊಸ ಭೌತವಿಜ್ಞಾನದ ಬಾಗಿಲೆಂದು ಹಲವರು ಉತ್ಸಾಹಗೊಂಡರು. ಆದರೆ ಹಳೆಯ, ಪರಿಚಿತ ಪ್ರಕ್ರಿಯೆಗಳೇ ಇಂಥ ವೇಷವನ್ನು ಹಾಕಬಲ್ಲವು. ಜಡ್ ಕಣ ನ್ಯೂಟ್ರಿನೊಗಳಾಗಿ ಮಾಯವಾಗಿ ಜೊತೆಗಿದ್ದ ಚಿಲುಮೆ ಮಾತ್ರ ಉಳಿಯಬಹುದು. ಡಬ್ಲ್ಯೂ ಕಣ ಟೌ ಕಣವಾಗಿ ಕ್ಷಯಿಸಿ ಸಣ್ಣ ಚಿಲುಮೆಯಂತೆ ಕಾಣಬಹುದು. ಶೋಧಕದ ಅಳತೆ ತಪ್ಪಿ ಎರಡನೆಯ ಚಿಲುಮೆ ನಷ್ಟವಾಗಬಹುದು. ಒಂದೊಂದೂ ಚಿಕ್ಕದು. ಇವೆಲ್ಲವನ್ನೂ ಬೆರೆಸಿ ಲೆಕ್ಕಹಾಕಿದರೆ ಹೊಸದೇನೂ ಇಲ್ಲದೆಯೇ ಕಂಡ ಘಟನೆಗಳ ಸಂಖ್ಯೆ ಹೊಂದಿಹೋಗುತ್ತದೆಯೆಂದು ೧೯೮೫ರ ವೇಳೆಗೆ ಅಲ್ಟಾರೆಲ್ಲಿ, ಎಲ್ಲಿಸ್, ಕ್ಲೈಸ್, ಸ್ಟರ್ಲಿಂಗ್ ಮೊದಲಾದವರು ತೋರಿಸಿದರು. ಟಾಪ್ ಕ್ವಾರ್ಕಿನ ಸುದ್ದಿಯೂ ಹೆಚ್ಚಿನ ದತ್ತಾಂಶ ಬಂದಮೇಲೆ ನಿಲ್ಲಲಿಲ್ಲ. ಆ ಕ್ವಾರ್ಕು ನಿಜವಾಗಿ ದೊರೆತುದು ೧೯೯೫ರಲ್ಲಿ, ಫರ್ಮಿ ಪ್ರಯೋಗಾಲಯದಲ್ಲಿ. ಅದರ ದ್ರವ್ಯರಾಶಿ ಸುಮಾರು ೧೭೩ ಜಿಇವಿ. ಯುಎ೧ ತಂಡದಲ್ಲಿ ಅನುಕರಣೆಯೇ ಇರಲಿಲ್ಲವೆಂದಲ್ಲ. ಇದ್ದ ಅನುಕರಣೆ ಕಲ್ಪಿಸಲು ಮರೆತ ಸಾಧಾರಣ ಸಂಗತಿಗಳು ಅಸಾಧಾರಣವಾಗಿ ಕಂಡವು.

ಇದಕ್ಕೆ ತದ್ವಿರುದ್ಧವಾದ ಕಥೆಯೊಂದು ಕೋಲಾರದ ಚಿನ್ನದ ಗಣಿಯಿಂದ ಮೊದಲಾಗುತ್ತದೆ. ಅಲ್ಲಿ ನೆಲದಿಂದ ಸುಮಾರು ೨.೩ ಕಿಲೋಮೀಟರು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನು ಹಾಯುವ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ರೈನ್ಸ್ ತಂಡವೂ ಹಿಡಿಯಿತು. ೧೯೮೦ರಲ್ಲಿ ಅದೇ ಕೋಲಾರದ ಆಳದಲ್ಲಿ ೧೪೦ ಟನ್ನಿನ ಶೋಧಕವನ್ನಿಟ್ಟು ಪ್ರೋಟಾನು ಕ್ಷಯಿಸುವುದೇ ಎಂಬುದನ್ನು ಹುಡುಕಲಾರಂಭಿಸಿದಾಗ, ಹದಿನೈದು ವರ್ಷಗಳ ಹಿಂದೆ ಆವಿಷ್ಕಾರವಾಗಿದ್ದ ನ್ಯೂಟ್ರಿನೊ ಈಗ ಅಡಚಣೆಯಾಯಿತು. ಅದು ಶೋಧಕದಲ್ಲಿ ಬಡಿದರೆ ಪ್ರೋಟಾನಿನ ಕ್ಷಯದಂತೆಯೇ ಕಾಣಬಲ್ಲದು. ಕೋಲಾರದ ತಂಡ ಕೆಲವು ಘಟನೆಗಳನ್ನು ಕ್ಷಯದ ಸಂಭಾವ್ಯ ಉದಾಹರಣೆಗಳಾಗಿ ಮುಂದಿಟ್ಟಿತು. ಅಮೆರಿಕದ ಐಎಂಬಿ ಮತ್ತು ಜಪಾನಿನ ಕಾಮಿಯೊಕಾಂಡೆ ಎಂಬ ಬಹಳ ದೊಡ್ಡ ನೀರಿನ ಶೋಧಕಗಳಲ್ಲಿ ಅದು ದೃಢಪಡಲಿಲ್ಲ. ಪ್ರೋಟಾನಿನ ಕ್ಷಯ ಇಂದಿಗೂ ಕಂಡಿಲ್ಲ.

ಆದರೆ ಹಿನ್ನೆಲೆಯೆಂದು ಬದಿಗಿಟ್ಟ ನ್ಯೂಟ್ರಿನೊಗಳನ್ನು ಎಣಿಸಿದಾಗ ಬೇರೊಂದು ಒಗಟು ಎದ್ದಿತು. ೧೯೮೮ರಲ್ಲಿ ಕಾಮಿಯೊಕಾಂಡೆ ತಂಡ ಮ್ಯೂಆನಿನ ಲಕ್ಷಣದ ಘಟನೆಗಳು ಮಾಂಟೆ ಕಾರ್ಲೊ ಲೆಕ್ಕ ಹೇಳಿದುದರಲ್ಲಿ ನೂರಕ್ಕೆ ಸುಮಾರು ೫೯ ಮಾತ್ರ ಇವೆಯೆಂದು ವರದಿಮಾಡಿತು. ಎಲೆಕ್ಟ್ರಾನಿನ ಲಕ್ಷಣದವು ಲೆಕ್ಕಕ್ಕೆ ಸರಿಯಾಗಿದ್ದವು. ಯುಎ೧ ಪ್ರಸಂಗವನ್ನು ಬಲ್ಲವರು ಲೆಕ್ಕದಲ್ಲೇ ದೋಷವಿರಬೇಕೆಂದು ಸಂಶಯಪಟ್ಟುದು ಅಸಹಜವಲ್ಲ. ಹತ್ತು ವರ್ಷ ಈ ವಾದ ನಡೆಯಿತು. ೧೯೯೮ರಲ್ಲಿ ಅದರ ಉತ್ತರಾಧಿಕಾರಿಯಾದ ಸೂಪರ್ ಕಾಮಿಯೊಕಾಂಡೆ, ಮೇಲಿನಿಂದ ಇಳಿದುಬರುವ ನ್ಯೂಟ್ರಿನೊಗಳಿಗಿಂತ ಭೂಮಿಯ ಆಚೆ ಬದಿಯಿಂದ ಏರಿಬರುವವು ಕಡಿಮೆಯೆಂದು ತೋರಿಸಿದಮೇಲೆ ವಾದ ನಿಂತಿತು. ನ್ಯೂಟ್ರಿನೊಗಳು ದಾರಿಯಲ್ಲಿ ಜಾತಿ ಬದಲಾಯಿಸುತ್ತಿದ್ದವು. ೨೦೧೫ರ ನೊಬೆಲ್ ಪಾರಿತೋಷಕ ಈ ಶೋಧಕ್ಕೆ ಸಂದಿತು.

ಈ ಎರಡು ಪ್ರಸಂಗಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಅಂಶ ಎದ್ದುಕಾಣುತ್ತದೆ. ಕಂಡುದಕ್ಕೂ ಕಲ್ಪಿಸಿದುದಕ್ಕೂ ವ್ಯತ್ಯಾಸ ಬಂದಾಗ ತಪ್ಪು ಯಾವುದರದೆಂಬುದನ್ನು ಕಲ್ಪನೆಯೇ ಹೇಳಲಾರದು. ೧೯೯೮ರಲ್ಲಿ ಮನವೊಪ್ಪಿಸಿದುದು ಕಲ್ಪಿತ ಘಟನೆಗಳೊಡನೆ ಮಾಡಿದ ಹೋಲಿಕೆಯಲ್ಲ. ನಿಜವಾದ ಘಟನೆಗಳಲ್ಲೇ ಮೇಲಿನವನ್ನೂ ಕೆಳಗಿನವನ್ನೂ ತೂಗಿ ನೋಡಿದುದು. ೨೦೧೨ರ ಜುಲೈ ೪ರಂದು ಪ್ರಕಟವಾದ ಹಿಗ್ಸ್ ಕಣದ ಶೋಧದಲ್ಲಿಯೂ ಈ ವಿವೇಕ ಕಾಣುತ್ತದೆ. ಎರಡು ಫೋಟಾನುಗಳಾಗಿ ಕ್ಷಯಿಸುವ ಮಾರ್ಗದಲ್ಲಿ ಹಿನ್ನೆಲ್ಲೆಯ ಪ್ರಮಾಣವನ್ನು ದತ್ತಾಂಶದಿಂದಲೇ, ಆಚೀಚೆಯ ಪ್ರದೇಶಗಳನ್ನು ನೋಡಿ ನಿರ್ಧರಿಸಿದರು. ನಾಲ್ಕು ಲೆಪ್ಟಾನುಗಳಾಗಿ ಕ್ಷಯಿಸುವ ಮಾರ್ಗದಲ್ಲಿ ಮುಖ್ಯ ಹಿನ್ನೆಲೆ ಚೆನ್ನಾಗಿ ತಿಳಿದಿದ್ದುದರಿಂದ ಅನುಕರಣೆಯನ್ನು ನಂಬಿದರು.

ನಮಗೆ ಅಷ್ಟಾಗಿ ಒಪ್ಪಿಗೆಯಾಗದ ರೂಢಿಯೂ ಒಂದುಂಟು. ಪಿಥಿಯಾ ಒಂದು ಉತ್ತರವನ್ನೂ ಹರ್ವಿಗ್ ಇನ್ನೊಂದನ್ನೂ ಕೊಟ್ಟರೆ, ಅವೆರಡರ ಅಂತರವನ್ನೇ ಅನಿಶ್ಚಯದ ಅಳತೆಯೆಂದು ಎಷ್ಟೋ ಪ್ರಬಂಧಗಳಲ್ಲಿ ಇಟ್ಟುಕೊಳ್ಳುತ್ತಾರೆ. ಎರಡರ ಒಳಮಾದರಿಗಳು ಬೇರೆ, ನಿಜ: ಒಂದರಲ್ಲಿ ತಂತಿ, ಇನ್ನೊಂದರಲ್ಲಿ ಗೊಂಚಲು. ಆದರೆ ಎರಡರ ಹೊಂದಿಕೆಯ ಸಂಖ್ಯೆಗಳನ್ನೂ ಬಹುಮಟ್ಟಿಗೆ ಒಂದೇ ಹಳೆಯ ಪ್ರಯೋಗಗಳ ದತ್ತಾಂಶಕ್ಕೆ ಒಪ್ಪುವಂತೆ ತಿದ್ದಿರುತ್ತಾರೆ. ಒಂದೇ ಮೂಲದಿಂದ ಬರೆದ ಎರಡು ಬಖೈರುಗಳು ಒಂದೇ ಮಾತನ್ನು ಹೇಳಿದರೆ ನಾವು ಅವನ್ನು ಎರಡು ಸಾಕ್ಷಿಗಳೆಂದು ಎಣಿಸುವುದಿಲ್ಲ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದಾಗ, ರೈಸರು ಅದನ್ನು ಒಪ್ಪದೆ ಎದುರಿಸಿದಾಗ, ವಾದ ನಿಂತುದು ಲಿಪಿ, ತೇದಿ, ವಂಶಾವಳಿಗಳೆಂಬ ಒಂದರಿಂದೊಂದು ಬೇರೆಯಾದ ಕುರುಹುಗಳಮೇಲೆ. ಭೌತವಿಜ್ಞಾನಿಗಳು ಈ ಅಪಾಯವನ್ನು ತಿಳಿಯದವರಲ್ಲ. ಪೆಟ್ರಾ ಯಂತ್ರದ ‘ಸೆಲ್ಲೊ’ ತಂಡ ೧೯೮೦ರ ದಶಕದ ಆರಂಭದಲ್ಲೇ, ಪ್ರಬಲ ಬಲದ ಪರಿಮಾಣಕ್ಕೆ ಸಿಗುವ ಬೆಲೆ ಚಿಲುಮೆಯ ಮಾದರಿ ಬದಲಾದರೆ ಗಣನೀಯವಾಗಿ ಬದಲಾಗುವುದೆಂದು ಎತ್ತಿತೋರಿಸಿತ್ತು. ಅಂದಿನಿಂದ ಅಂಥ ಅವಲಂಬನೆಯನ್ನು ಹೇಳದೆ ಅಳತೆಯನ್ನು ಪ್ರಕಟಿಸುವುದು ಕಷ್ಟವಾಯಿತು.

ಕಲ್ಪಿತ ಘಟನೆಗೆ ನಿಜವಾದ ಘಟನೆಗಿಲ್ಲದ ಒಂದು ಗುಣವೂ ಇದೆ. ಅದರಲ್ಲಿ ಯಾವ ಕಣ ಯಾವುದರಿಂದ ಹುಟ್ಟಿತೆಂಬ ವಂಶವೃಕ್ಷ ಪೂರ್ತಿಯಾಗಿ ಬರೆದಿರುತ್ತದೆ. ಪ್ರತಿಯೊಂದು ಜಾತಿಗೂ ೧೯೮೮ರಿಂದ ಒಪ್ಪಿತವಾದ ಅಂಕಿತವುಂಟು: ಎಲೆಕ್ಟ್ರಾನಿಗೆ ೧೧, ಮ್ಯೂಆನಿಗೆ ೧೩, ಫೋಟಾನಿಗೆ ೨೨, ಪ್ರೋಟಾನಿಗೆ ೨೨೧೨, ಪ್ರತಿಕಣವಾದರೆ ಮುಂದೆ ಋಣಚಿಹ್ನೆ. ಈ ದಾಖಲೆಯನ್ನು ಭೌತವಿಜ್ಞಾನಿಗಳು ‘ಮಾಂಟೆ ಕಾರ್ಲೊ ಸತ್ಯ’ ಎನ್ನುತ್ತಾರೆ. ಸತ್ಯ ಸಂಪೂರ್ಣವಾಗಿ ತಿಳಿದಿರುವುದು ನಡೆಯದೆ ಇದ್ದ ಘಟನೆಗೆ ಮಾತ್ರ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ಸ್ವಲ್ಪ ಅಸೂಯೆಯಿಂದಲೇ ಓದಬೇಕು.

ಪತ್ರಾಗಾರದ ಪ್ರಶ್ನೆ ಒಂದು ಉಳಿದಿದೆ. ಜೇಡ್ ಪ್ರಯೋಗ ೧೯೮೬ರಲ್ಲಿ ಮುಗಿಯಿತು. ಹತ್ತಾರು ವರ್ಷಗಳ ಅನಂತರ, ಸಿದ್ಧಾಂತ ಬೆಳೆದುದರಿಂದ ಅದರ ದತ್ತಾಂಶವನ್ನು ಹೊಸದಾಗಿ ಓದಬಹುದೆಂದು ಕಂಡಾಗ ಕೆಲವರು ಹಳೆಯ ಸುರುಳಿಗಳನ್ನು ಹುಡುಕಹೊರಟರು. ದತ್ತಾಂಶವೊಂದೇ ಸಾಲದಾಯಿತು, ಆ ಶೋಧಕವನ್ನು ಅನುಕರಿಸುತ್ತಿದ್ದ ಕ್ರಮವಿಧಿಯೂ ಬೇಕು. ಅದು ಬಳಕೆತಪ್ಪಿದ ಯಂತ್ರಗಳಿಗಾಗಿ ಬರೆದುದು. ಅದನ್ನು ಭಾಗಭಾಗವಾಗಿ ಹೊಸ ಯಂತ್ರಗಳಿಗೆ ಒಗ್ಗಿಸಿ, ಯಂತ್ರದಲ್ಲಿ ಕಳೆದುಹೋಗಿದ್ದ ಕೆಲವು ಕೋಷ್ಟಕಗಳನ್ನು ಕಾಗದದ ಮುದ್ರಿತ ಪ್ರತಿಯಿಂದ ಮತ್ತೆ ಒಳಗೆ ತುಂಬಿ, ಕಳಚಿಹೋಗಿದ್ದ ಶೋಧಕದೊಳಗೆ ಕಲ್ಪಿತ ಘಟನೆಗಳನ್ನು ಮತ್ತೊಮ್ಮೆ ಹರಿಸಿದರು. ಆ ಶಕ್ತಿಯ ಮಟ್ಟದಲ್ಲಿ ಪ್ರಬಲ ಬಲದ ಅಳತೆ ಹೀಗೆ ಎರಡನೆಯ ಸಲ, ಮೊದಲಿಗಿಂತ ಸೂಕ್ಷ್ಮವಾಗಿ ದೊರೆಯಿತು.